ಕ್ಯಾಮೆರಾ ಬಟನ್ ಒತ್ತಿದವರು ಬೇರೆ, ಫೋಟೋ ಪುಷ್ಪಮಾಲಾ ಅವರದ್ದು. ಇದು ಹೇಗೆ?

ಡೊಂಬಿವಲಿ ಕಿರಣ್
ಎಲ್ಲರಿಗೂ ನಮಸ್ಕಾರ. ನಾನು ಮದುವೆ, ಮುಂಜಿ, ಸೀಮಂತದ ಫೋಟೋ ತೆಗೆಯುವವನು. ಸೀಸನ್ ಇಲ್ಲದಾಗ ನನ್ನ ಖುಷಿಗೆ ರಾತ್ರಿಯ ಕೊನೇ ಲೋಕಲ್ ರೈಲಿನ ಫೋಟೋ ತೆಗೆದಿಟ್ಟಿದ್ದೇನೆ, ಅದನ್ನು ಪ್ರದರ್ಶನ ಮಾಡುವ ಆಸೆ. ಗೆಳತಿಯೊಬ್ಬಳು ಮೊದಲು ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಕೆಲಸ ನೋಡು ಅಂತ ಒಂದು ಕ್ಯಾಟಲಾಗ್ ಕೊಟ್ಟಳು. ನೋಡಿ ತಲೆ ಕೆಟ್ಟಿತು. ಎಲ್ಲ ಫೋಟೋದಲ್ಲೂ ಅವರೇ ಇದ್ದಾರೆ! ರವಿವರ್ಮನ ಲಕ್ಷ್ಮಿ ಅವರೇ, ಸರಗಳ್ಳಿ ಅವರೇ. ಕ್ಯಾಮೆರಾ ಹಿಡಿದವರು ಮಾತ್ರ ಬೇರೆ. ನಾನು ಮದುವೆಗೆ ಅಸಿಸ್ಟೆಂಟ್ ಕಳಿಸಿದರೆ ಪಾರ್ಟಿಯವರು "ನೀವೇ ಬರ್ಬೇಕಿತ್ತು" ಅಂತ ಜಗಳಕ್ಕೆ ಬರುತ್ತಾರೆ, ಇಲ್ಲಿ ನೋಡಿದರೆ ಗ್ಯಾಲರಿ, ಸಿನಿಮಾ, ಬಿನಾಲೆ (ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾಪ್ರದರ್ಶನ) ಎಲ್ಲ ಉಂಟು. ಹಾಗಾದರೆ ಫೋಟೋಗ್ರಾಫರ್ ಯಾರು? ಮತ್ತೆ ಇಂಥ ಕೆಲಸಕ್ಕೆ ದುಡ್ಡು ಹಾಕುವವರು ಯಾರು?

ಮಾಟುಂಗಾ ಭಟ್ಟ
ತಮ್ಮಾ, ನಾನು ದಾದರ್‌ನ ಒಂದು ಸ್ಟುಡಿಯೋದಲ್ಲಿ ಟಚಿಂಗ್ ಮಾಡುತ್ತಿದ್ದವನು. ನೆಗೆಟಿವ್ ಮೇಲೆ ಒಂಚೂರು ಎಣ್ಣೆಯಂಥದ್ದನ್ನು ಸವರಿ, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್‌ನಿಂದ ಮೊಡವೆ ಮುಚ್ಚುವುದು. ನೆಗೆಟಿವ್‌ನಲ್ಲಿ ಮೊಡವೆ ತಿಳಿಯಾಗಿ ಕಾಣುತ್ತದೆ, ಅಲ್ಲಿ ಸೀಸ ತುಂಬಿದರೆ ಪ್ರಿಂಟ್‌ನಲ್ಲಿ ಮಾಯ. ಜಾಸ್ತಿ ತುಂಬಿದೆಯೋ, ಕೆನ್ನೆ ಮೇಲೆ ಸುಣ್ಣ ಬಳಿದ ಹಾಗೆ. ಲೈಟ್ ಇಡುವವನು ಒಬ್ಬ, ಪರದೆ ಎಳೆಯುವವನು ಇನ್ನೊಬ್ಬ, ಬಟನ್ ಒತ್ತುವವನು ಮತ್ತೊಬ್ಬ. ಫೋಟೋ ಹಿಂದೆ ಬೀಳುವ ಸೀಲು ಮಾಲೀಕರದ್ದು. ಆಗ ಯಾರೂ ಕೇಳಲಿಲ್ಲ, ಈಗ ಒಬ್ಬ ಹೆಂಗಸು ಮಾಡಿದಾಗ ಕೇಳುತ್ತೀರಿ!

ಇನ್ನೊಂದು ವಿಷಯ. ಅದೇ ದಾದರ್‌ನಲ್ಲಿ ಇಂಡಿಯಾ ಫೋಟೋ ಸ್ಟುಡಿಯೋ ನಡೆಸುತ್ತಿದ್ದ ಜೆ.ಎಚ್. ಠಕ್ಕರ್ ಅಂದರೆ ಹಿಂದಿ ಸಿನಿಮಾ ತಾರೆಯರನ್ನೆಲ್ಲ ಕೂರಿಸಿ ತೆಗೆದವರು. ಪುಷ್ಪಮಾಲಾ 2000ರ ಹೊತ್ತಿಗೆ ಹುಡುಕಿಕೊಂಡು ಹೋಗಿದ್ದು ಅವರ ಹತ್ತಿರವೇ. ನವರಸಗಳನ್ನು ತಾವೇ ಅಭಿನಯಿಸಿ ಅವರ ಕೈಯಲ್ಲಿ ತೆಗೆಸಿದರು. ಮುಖದ ಅರ್ಧ ಬೆಳಕಲ್ಲಿ, ಅರ್ಧ ಕತ್ತಲಲ್ಲಿ ಬಿಡುವ ಆ ಹಳೇ ಲೈಟಿಂಗ್ ಬೇಕಿತ್ತು ಅವರಿಗೆ. ಅದು ಠಕ್ಕರ್ ಕೈಗೇ ಗೊತ್ತಿದ್ದದ್ದು. ಹೆಸರನ್ನೇನೂ ಮುಚ್ಚಿಡಲಿಲ್ಲ.

ಗೋರೆಗಾಂವ್ ಶೆಟ್ರು
ವೇಷ ಹಾಕಿ ನಿಂತರೆ ಅದು ಕಲೆಯಾ ಮಾರಾಯ್ರೆ? ನಮ್ಮ ಯಕ್ಷಗಾನದವರು ರಾತ್ರಿ ಇಡೀ ವೇಷ ಹಾಕಿ ಕುಣಿಯುತ್ತಾರೆ, ಅವರನ್ನು ಯಾವ ಗ್ಯಾಲರಿಯವನೂ ಕರೆಯುವುದಿಲ್ಲ. ಇಂಗ್ಲಿಷ್‌ನಲ್ಲಿ ಎರಡು ಪುಟ ವಿವರಣೆ ಅಂಟಿಸಿದರೆ ಎಲ್ಲವೂ ಕಲೆಯೇ.

ಸವಿತಾ, ಪುಣೆ
ಶೆಟ್ರೇ, ವಿವರಣೆಯ ಬಗ್ಗೆ ನಿಮ್ಮ ಸಿಟ್ಟು ನನಗೂ ಇದೆ. ಆದರೆ ಈ ಫೋಟೋಗಳಿಗೆ ಅದು ಬೇಕಾಗಿಯೇ ಇಲ್ಲ.

ಅವರು ಮೂಲತಃ ಶಿಲ್ಪಿ. ಬರೋಡಾದಲ್ಲಿ ಕಲಿತವರು. ತೊಂಬತ್ತರ ದಶಕದಲ್ಲಿ ಫೋಟೋ ಕಡೆ ಬಂದರು. 1996-98ರ 'ಫ್ಯಾಂಟಮ್ ಲೇಡಿ' ತೆಗೆದದ್ದು ನಿಮ್ಮ ಮುಂಬೈನಲ್ಲೇ. ಮುಖವಾಡ ಹಾಕಿದ ಸಾಹಸಿ ಹೆಣ್ಣು, ಹಳೇ ಕಪ್ಪು-ಬಿಳುಪು ಥ್ರಿಲ್ಲರ್ ಸ್ಟಿಲ್‌ಗಳ ಥರ. ಹಳೇ ಹಿಂದಿ ಸ್ಟಂಟ್ ಸಿನಿಮಾಗಳ 'ಹಂಟರ್‌ವಾಲಿ' ನಾಡಿಯಾ ನೆನಪಾಗದೇ ಇರುವುದಿಲ್ಲ. 2012ರಲ್ಲಿ ಅದೇ ಪಾತ್ರವನ್ನು ಬಣ್ಣದಲ್ಲಿ ವಾಪಸ್ ತಂದರು. ಈ ಸಲ ಎದುರಾಳಿ ಭೂಮಾಫಿಯಾ.

ಕಿರಣ್ ನೋಡಿದ್ದು 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಇರಬೇಕು, 2000ದಿಂದ 2004ರವರೆಗೆ ಫೋಟೋಗ್ರಾಫರ್ ಕ್ಲೇರ್ ಆರ್ನಿ ಜೊತೆ ಮಾಡಿದ್ದು. ಅದರಲ್ಲಿ ಕ್ಲೇರ್ ಹೆಸರೂ ಸಮಸಮ ಇದೆ. ದೇವರ ಕ್ಯಾಲೆಂಡರ್, ಬಿಜಾಪುರದ ಯೋಗಿನಿ ಚಿತ್ರ, ಪೇಪರ್‌ನಲ್ಲಿ ಬಂದ ಕಳ್ಳಿಯರ ಫೋಟೋ, ಸಿನಿಮಾ ಸ್ಟಿಲ್, ಹೀಗೆ ಹೆಣ್ಣನ್ನು ತೋರಿಸುವ ನಾನಾ ಬಗೆಗಳನ್ನು ಹುಡುಕಿ ತೆಗೆದು, ಸೆಟ್ಟು ಹಾಕಿ, ಬಟ್ಟೆ ಹೊಲಿಸಿ, ಮತ್ತೆ ಕಟ್ಟಿದ್ದಾರೆ. ನೀಲಗಿರಿಯ ತೋಡ ಬುಡಕಟ್ಟಿನ ಹೆಂಗಸಿನ ಚಿತ್ರ ತೆಗೆದು ನೋಡಿ. ಹಿಂದೆ ಚೌಕಳಿ ಪರದೆ ಇದೆ ಅಲ್ವಾ? ಬ್ರಿಟಿಷರ ಕಾಲದಲ್ಲಿ ನಮ್ಮ ಜನರನ್ನು ಅಂಥ ಪರದೆ ಮುಂದೆ ನಿಲ್ಲಿಸಿ, ಮೈಯಳತೆ ತೆಗೆದು, ಇವರು ಇಂಥ ಜಾತಿ ಅಂತ ಪಟ್ಟಿ ಮಾಡುತ್ತಿದ್ದರು. ಮುಂದಿನ ಒಂದು ಸರಣಿಯಲ್ಲಿ ಆಕೆ ಲಕ್ಷ್ಮಿಯನ್ನೂ ಸಿನಿಮಾ ತಾರೆಯನ್ನೂ ಅದೇ ಪರದೆ ಮುಂದೆ ತಂದು ನಿಲ್ಲಿಸುತ್ತಾರೆ. ನನಗೆ ನಗು ಬಂತು, ಆಮೇಲೆ ಹೊಟ್ಟೆಯಲ್ಲಿ ಸಂಕಟ. ಮೇಕಪ್, ಸೆಟ್ಟಿನ ಕೆಲಸದ ಫೋಟೋಗಳೂ ಆ ಪ್ರಾಜೆಕ್ಟಿನ ಒಂದು ಭಾಗವೇ. ಹಾಗಾಗಿ ಬಟನ್ ಯಾರದ್ದು ಅನ್ನುವುದನ್ನು ಅವರೇ ಬಯಲಿಗಿಟ್ಟಿದ್ದಾರೆ.

ದುಡ್ಡಿನ ವಿಷಯ: ಆ ಪ್ರಾಜೆಕ್ಟಿಗೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಅನುದಾನ ಇತ್ತು. ಮಾರಾಟ ಎಡಿಷನ್ ಲೆಕ್ಕದಲ್ಲಿ. ಒಂದು ಚಿತ್ರಕ್ಕೆ ಇಷ್ಟೇ ಪ್ರಿಂಟ್ ಅಂತ ಮೊದಲೇ ತೀರ್ಮಾನಿಸಿ, ಪ್ರತಿಯೊಂದಕ್ಕೂ ನಂಬರ್ ಹಾಕುವುದು.

ಗೋರೆಗಾಂವ್ ಶೆಟ್ರು
ಆ ಚೌಕಳಿ ಪರದೆ ವಿಷಯ ಗೊತ್ತಿರಲಿಲ್ಲ, ಸರಿ. ಆದರೆ ಯಕ್ಷಗಾನದವರ ಪ್ರಶ್ನೆಗೆ ಉತ್ತರ ಬರಲಿಲ್ಲ ನೋಡಿ.

ಮಡಗಾಂವ್ ನಾಯ್ಕ
ಶೆಟ್ರ ಪ್ರಶ್ನೆಗೆ ಬೇರೆ ಥ್ರೆಡ್ ಬೇಕು, ಮಾಡಿ ಶೆಟ್ರೇ, ನಾನೂ ಬರುತ್ತೇನೆ.

ಕಿರಣ್, ಸಿನಿಮಾ ಬಗ್ಗೆ ಯಾರೂ ಹೇಳಲಿಲ್ಲ. ನಿಮಗೆ ಉಪಯೋಗಕ್ಕೆ ಬರುವುದು ಅದೇ. 2006ರ 'ಪ್ಯಾರಿಸ್ ಆಟಮ್' ಸ್ಟಿಲ್ ಫೋಟೋಗಳಿಂದಲೇ ಕಟ್ಟಿದ ಪತ್ತೇದಾರಿ ಕಥೆ. ಅದಕ್ಕೂ ಮೊದಲು, 2004ರಲ್ಲಿ, 'ರಾಷ್ಟ್ರೀಯ್ ಖೀರ್ ಆ್ಯಂಡ್ ದೇಸೀಯ್ ಸಲಾಡ್' ಮಾಡಿದ್ದರು. ಅದು ಅವರ ತಾಯಿ ಮತ್ತು ಅತ್ತೆ ಬರೆದಿಟ್ಟಿದ್ದ ಅಡುಗೆ ಪುಸ್ತಕಗಳಿಂದ ಹುಟ್ಟಿದ್ದು. ನಿಮ್ಮ ಹತ್ತಿರ ಫೋಟೋ ಇದೆ, ಲೋಕಲ್‌ನ ಅನೌನ್ಸ್‌ಮೆಂಟ್ ರೆಕಾರ್ಡ್ ಮಾಡಲು ಫೋನ್ ಇದೆ. ಒಂದು ಕೋಣೆ ಕತ್ತಲು ಮಾಡಿ ಪ್ರೊಜೆಕ್ಟರ್ ಹಾಕಿದರೆ ಫ್ರೇಮಿನ ಖರ್ಚೇ ಉಳಿಯಿತು. ಜಹಾಂಗೀರ್ ಗ್ಯಾಲರಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಾ ಕೂರಬೇಡಿ. ಅರ್ಜಿ ಹಾಕಿ, ಅದು ಅದರ ಪಾಡಿಗೆ ಇರಲಿ.

ಡೊಂಬಿವಲಿ ಕಿರಣ್
ಪ್ರೊಜೆಕ್ಟರ್ ಐಡಿಯಾ ಹೊಳೆದೇ ಇರಲಿಲ್ಲ ಸರ್. ಭಟ್ರೇ, ಅಸಿಸ್ಟೆಂಟ್ ಹೆಸರನ್ನು ಆಲ್ಬಮ್‌ನಲ್ಲಿ ಹಾಕಲು ಶುರು ಮಾಡುತ್ತೇನೆ, ಪಾರ್ಟಿಯವರು ಏನಾದರೂ ಅನ್ನಲಿ. ಒಂದು ಡೌಟು: ಫೋಟೋಗಳೆಲ್ಲ ಕತ್ತಲಲ್ಲಿ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ ತೆಗೆದದ್ದು, ಕಾಳು ಕಾಳಾದ ಚುಕ್ಕೆ ಜಾಸ್ತಿ ಇದೆ. ಎಷ್ಟು ದೊಡ್ಡ ಪ್ರಿಂಟ್ ತಡೆಯುತ್ತದೆ?

ಮಾಟುಂಗಾ ಭಟ್ಟ
ಅದನ್ನು ಇಲ್ಲಿ ಕೂತು ಹೇಳಲಿಕ್ಕಾಗುವುದಿಲ್ಲ. ಒಂದೇ ಫೋಟೋವನ್ನು ಮೂರು ಸೈಜಿನಲ್ಲಿ ಹೊಡೆಸಿ ತಗೊಂಡು ಬಾ. ಭಾನುವಾರ ಬೆಳಿಗ್ಗೆ ಮನೆಯಲ್ಲೇ ಇರುತ್ತೇನೆ. ಗ್ಲಾಸಿ ಪೇಪರ್ ಮಾತ್ರ ಬೇಡ.