ಜಾಯಿಂಟ್, ಕಂಬೈನ್ಡ್, ಕ್ಯುಮುಲೇಟಿವ್: ಯಾವುದು ಎಲ್ಲಿ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ನಾನೂ ಸಹೋದ್ಯೋಗಿಯೊಬ್ರೂ ಸೇರಿ ಇಂಗ್ಲಿಷಲ್ಲಿ ಒಂದು ರಿಪೋರ್ಟ್ ಬರೆದ್ವಿ, ಅದರಲ್ಲಿ ಎರಡು ಪೆಟ್ಟಿಗೆಗಳ ತೂಕ ಕೂಡಿಸಿ ನಾನು "ಜಾಯಿಂಟ್ ವೆಯ್ಟ್" ಅಂತ ಹಾಕಿದ್ದೆ, ತಿದ್ದಿದವ್ರು ಅದನ್ನ ಹೊಡೆದುಹಾಕಿ "ಕಂಬೈನ್ಡ್ ವೆಯ್ಟ್" ಅಂತ ಮಾಡಿದಾರೆ. ಆದ್ರೆ ಮೇಲೆ "ಜಾಯಿಂಟ್ ರಿಪೋರ್ಟ್" ಅಂತ ಇರೋದನ್ನ ಮುಟ್ಟೇ ಇಲ್ಲ. ಟೇಬಲ್ಲಲ್ಲಿ "ಟೋಟಲ್" ಅಂತಿದ್ದ ಕಾಲಮ್ಮಿಗೆ "ಕ್ಯುಮುಲೇಟಿವ್" ಅಂತ ಬೇರೆ ಬರೆದಿದಾರೆ. ನಮಗೆ "ಒಟ್ಟು" ಅಂದ್ರೆ ಮುಗೀತು, ಇಲ್ಲಿ ಯಾಕೆ ಇಷ್ಟು ಪದ?

ಉತ್ತರ 1:
ಜಾಯಿಂಟ್ ಅಂದ್ರೆ ವಸ್ತು ಒಂದೇ, ಅದಕ್ಕೆ ಮಾಲೀಕರೋ ಮಾಡಿದವರೋ ಇಬ್ರು ಅಥವಾ ಹೆಚ್ಚು ಜನ. ಕಂಬೈನ್ಡ್ ಅಂದ್ರೆ ಬೇರೆಬೇರೆ ಇದ್ದದ್ದನ್ನ ಕೂಡಿಸಿದ್ದು. ರಿಪೋರ್ಟ್ ಒಂದೇ, ಬರೆದವರು ಇಬ್ರು. ತೂಕ ಎರಡು, ಕೂಡಿಸಿದ್ದು ನೀವು. ಕನ್ನಡದಲ್ಲೇ ಹೇಳಿ ನೋಡಿ, ಜಂಟಿ ಖಾತೆ, ಜಂಟಿ ಹೇಳಿಕೆ ಸರಿ ಕೇಳತ್ತೆ, "ಜಂಟಿ ತೂಕ" ಅಂದ್ರೆ ಕಿವಿಗೇ ಹಿಡಿಸಲ್ಲ. ನಾನು ಈಗ್ಲೂ ಹೀಗೇ ಪರೀಕ್ಷೆ ಮಾಡ್ಕೊಳ್ಳೋದು. ಮತ್ತೆ ಈ ಅರ್ಥದಲ್ಲಿ ಜಾಯಿಂಟ್ ಸಾಮಾನ್ಯವಾಗಿ ನಾಮಪದಕ್ಕಿಂತ ಮೊದ್ಲೇ ಕೂರತ್ತೆ, "ದಿ ರಿಪೋರ್ಟ್ ಈಸ್ ಜಾಯಿಂಟ್" ಅಂತ ಬರೀಬೇಡಿ.

ಉತ್ತರ 2:
ಕ್ಯುಮುಲೇಟಿವ್ ಬಗ್ಗೆ ನಾನು ಹೇಳ್ತೀನಿ. ಜನವರಿಗೆ 10, ಫೆಬ್ರವರಿಗೆ 15, ಮಾರ್ಚಿಗೆ 5 ಅಂತಿಟ್ಕೊಳ್ಳಿ. ಟೋಟಲ್ ಅಂದ್ರೆ ಕೊನೇಲಿ ಬರೋ 30 ಒಂದೇ. ಕ್ಯುಮುಲೇಟಿವ್ ಕಾಲಮ್ಮಲ್ಲಿ 10, 25, 30 ಅಂತ ಸಾಲಾಗಿ ಇಳೀತದೆ, ಹಿಂದಿಂದು ಸೇರ್ತಾ ಸೇರ್ತಾ ಬರೋದು. ಲ್ಯಾಟಿನ್ನಲ್ಲಿ ಕ್ಯುಮುಲಸ್ ಅಂದ್ರೆ ರಾಶಿ, ಹತ್ತಿ ಗುಡ್ಡೆ ಹಾಕಿದಂಗೆ ಕಾಣೋ ಮೋಡಕ್ಕೂ ಅದೇ ಹೆಸರು. ಕಾಲೇಜು ಮಾರ್ಕ್ಸ್ ಕಾರ್ಡಲ್ಲಿ ಬರೋ ಸಿಜಿಪಿಎಯಲ್ಲಿರೋ ಸಿ ಕೂಡ ಇದೇ, ಎಲ್ಲಾ ಸೆಮಿಸ್ಟರ್ ಸೇರಿಸಿದ್ದು ಅಂತ.

ಪ್ರಶ್ನೆ ಕೇಳಿದವರು:
ಅಯ್ಯೋ ಎಷ್ಟು ಸಲೀಸಾಗಿ ಹೇಳಿದ್ರಿ, ತುಂಬಾ ಥ್ಯಾಂಕ್ಸ್! ನನ್ನ ಟೇಬಲ್ಲೂ ಥೇಟ್ ಹಂಗೇ ಇತ್ತು, ತಿಂಗಳು ತಿಂಗಳೂ ಕೂಡ್ತಾ ಬಂದಿದ್ದು. ಇನ್ನೊಂದು ಡೌಟು, ಹೋಟೆಲ್ ರೂಮುಗಳಿಗೆ ಅಡ್ಜಾಯಿನಿಂಗ್, ಕನೆಕ್ಟಿಂಗ್ ಎರಡೂ ಹೇಳ್ತಾರಲ್ಲ, ಎರಡೂ ಒಂದೇನಾ?

ಉತ್ತರ 1:
ಒಂದೇ ಅಲ್ಲ. ಅಡ್ಜಾಯಿನಿಂಗ್ ಅಂದ್ರೆ ಮಗ್ಗುಲಲ್ಲೇ ಇದೆ ಅಂತಷ್ಟೇ, ಮಧ್ಯೆ ಬರೀ ಗೋಡೆ ಇರಬಹುದು. ಕನೆಕ್ಟಿಂಗ್ ಅಂದ್ರೆ ಆ ಗೋಡೇಲಿ ಬಾಗಿಲಿರತ್ತೆ, ಹೊರಗೆ ಬರ್ದೇ ಈ ರೂಮಿಂದ ಆ ರೂಮಿಗೆ ಹೋಗ್ಬಹುದು. ಮಕ್ಕಳನ್ನ ಕರ್ಕೊಂಡು ಹೋಗೋರು ಬುಕ್ ಮಾಡುವಾಗ ಈ ಪದ ಸರಿಯಾಗಿ ನೋಡ್ಕೊಳ್ಳಿ, ಅಡ್ಜಾಯಿನಿಂಗ್ ಅಂತ ಕೇಳಿದ್ರೆ ಮಧ್ಯೆ ಬಾಗಿಲು ಸಿಗತ್ತೆ ಅನ್ನೋ ಗ್ಯಾರಂಟಿ ಇಲ್ಲ.