ಹೊಸ ಟವರ್ ಬಂತು, ಅಮ್ಮನ ಫೋನ್‌ಗೆ ಮಾತ್ರ ಸಿಗ್ನಲ್ ಇಲ್ಲ. ಯಾಕೆ?

ಹಿನ್ನೀರು ಹುಡುಗಿ:
ನಮ್ಮೂರು ಸಾಗರ ತಾಲ್ಲೂಕು, ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. 2025ರ ಜುಲೈನಲ್ಲಿ ಸೇತುವೆ ಆಯಿತು, ಈಗ ಗುಡ್ಡದ ಮೇಲೆ 4ಜಿ ಟವರ್ ಕೂಡ ಬಂದಿದೆ. ಅಣ್ಣನ ಮಗ ಜಗಲಿಯಲ್ಲೇ ಕೂತು ವಿಡಿಯೊ ನೋಡುತ್ತಾನೆ. ಅಮ್ಮನ ಹಳೇ ಟಾರ್ಚ್ ಫೋನ್‌ಗೆ ಮಾತ್ರ ಒಂದು ಕಡ್ಡಿಯೂ ಇಲ್ಲ. ಮೊದಲು ಅಂಗಳದ ಮೂಲೆಗೆ ಹೋದರೆ ಸಿಗುತ್ತಿತ್ತು, ಈಗ ಅದೂ ಹೋಯಿತು. ಬ್ಯಾಂಕಿನ ಓಟಿಪಿ, ಗೃಹಲಕ್ಷ್ಮಿ ದುಡ್ಡಿನ ಮೆಸೇಜು ಎಲ್ಲ ಆ ನಂಬರ್‌ಗೇ ಬರಬೇಕು.

ಟಚ್ ಫೋನ್ ಕೊಟ್ಟು ನೋಡಿದೆವು. ಅಡಿಕೆ ಸುಲಿದೂ ಸುಲಿದೂ ಬೆರಳ ತುದಿ ಒರಟಾಗಿದೆ, ಸ್ಕ್ರೀನ್ ಮಾತೇ ಕೇಳುವುದಿಲ್ಲ. ಒತ್ತಿ ಒತ್ತಿ ಸಾಕಾಗಿ "ಇದು ಬ್ಯಾಡ ಮಾರಾಯ್ತಿ" ಅಂತ ವಾಪಸ್ ಕೊಟ್ಟರು. ಏನು ಮಾಡೋದು?

ಜಯನಗರದವ:
ಒಂದು 5ಜಿ ಫೋನ್ ತೆಗೆಸಿಕೊಡಿ. ಟಚ್ ಎರಡು ದಿನದಲ್ಲಿ ರೂಢಿ ಆಗುತ್ತೆ.

ರಿಪೇರಿ ಅಂಗಡಿ:
5ಜಿ ಸುಮ್ನೆ ದುಡ್ಡು ದಂಡ. ನಿಮ್ಮೂರಲ್ಲಿ 5ಜಿ ಎಲ್ಲಿದೆ?

"ಫೋನ್ ಹಾಳಾಗಿದೆ, ನೋಡಪ್ಪ" ಅಂತ ನನ್ನ ಅಂಗಡಿಗೆ ಬರುವ ಅಜ್ಜಿಯರು ಈಗ ಜಾಸ್ತಿ. ಬಿಚ್ಚಿ ನೋಡಿದರೆ ಸೆಟ್ ಚೆನ್ನಾಗೇ ಇರುತ್ತದೆ. ಆದರೆ ಅದು 2ಜಿ ಸೆಟ್. ಟವರ್‌ಗೆ ಬರೀ 4ಜಿ ಹಾಕಿದ್ದರೆ ಅದರ ಪಾಲಿಗೆ ಅಲ್ಲಿ ಟವರೇ ಇಲ್ಲ. 2ಜಿಯಲ್ಲಿ ಮಾತಿಗೆ ಅಂತಲೇ ಬೇರೆ ದಾರಿ ಇತ್ತು. 4ಜಿಯಲ್ಲಿ ಮಾತೂ ಡೇಟಾ ಆಗಿಯೇ ಹೋಗಬೇಕು, ಅದಕ್ಕೇ ವೋಲ್ಟಿ, ಅಂದರೆ 4ಜಿಯಲ್ಲೇ ಮಾತಾಡುವ ಸೌಲಭ್ಯ, ಇರುವ ಸೆಟ್ ಬೇಕು. 2016ರಲ್ಲಿ ಜಿಯೊ ಶುರುವಾದಾಗ 2ಜಿ, 3ಜಿ ಹಾಕಲೇ ಇಲ್ಲ, ನೇರ 4ಜಿ.

ನನ್ನ ತಕರಾರು ಬೇರೆ. 2022ರಲ್ಲಿ ಕೇಂದ್ರ ಸರ್ಕಾರ ನೆಟ್‌ವರ್ಕ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿತು. ಒಳ್ಳೆಯದೇ. ಆದರೆ ಅದು ಟವರ್‌ಗೆ ದುಡ್ಡು, ಸೆಟ್‌ಗೆ ಅಲ್ಲ. ಟವರ್ ಎದ್ದ ಕೂಡಲೇ ಕಾಗದದಲ್ಲಿ ಆ ಊರಿಗೆ ನೆಟ್‌ವರ್ಕ್ ಬಂದ ಹಾಗೆ. ಅಮ್ಮನ ಕೈಲಿರುವ ಫೋನ್ ಯಾವುದು ಅಂತ ಕೇಳುವವರು ಯಾರು?

ಇರಲಿ. 4ಜಿ ಕೀಪ್ಯಾಡ್ ಫೋನ್ ಅಂತಲೇ ಸಿಗುತ್ತದೆ. ಬಟನ್ನು, ಟಾರ್ಚು, ಎಲ್ಲ ಇರುತ್ತದೆ. ಕೆಲವು ಒಂದೇ ಕಂಪನಿಯ ಸಿಮ್‌ಗೆ ಲಾಕ್ ಆಗಿರುತ್ತವೆ, ಅಂಥದ್ದು ಬೇಡ. ಅಂಗಡಿಯಲ್ಲೇ ಅಮ್ಮನ ಕಂಪನಿಯ ಸಿಮ್ ಹಾಕಿ ಒಂದು ಕಾಲ್ ಮಾಡಿ ನೋಡಿ, ಆಮೇಲೆ ದುಡ್ಡು ಕೊಡಿ. ಸಿಮ್ ಹಳೆಯದಾದರೆ ಅದನ್ನೂ 4ಜಿಗೆ ಬದಲಾಯಿಸಬೇಕು. ಬದಲಾಯಿಸಿದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬರಲ್ಲ, ಮೋಸ ತಡೆಯಲು ಇಟ್ಟ ನಿಯಮ ಅದು. ಅವತ್ತೇ ಬ್ಯಾಂಕ್ ಕೆಲಸ ಇಟ್ಟುಕೊಳ್ಳಬೇಡಿ.

ಹಿನ್ನೀರು ಹುಡುಗಿ:
ತುಂಬಾ ಥ್ಯಾಂಕ್ಸ್ ಅಣ್ಣ. ಒಂದು ತೊಡಕು ಇದೆ. ಸಿಮ್ ಅಪ್ಪನ ಹೆಸರಲ್ಲಿದೆ. ಅಪ್ಪ ಈಗ ಇಲ್ಲ.

ರಿಪೇರಿ ಅಂಗಡಿ:
ಹಾಗಾದರೆ ಮೊದಲು ಹೆಸರು ಬದಲಾವಣೆ, ಆಮೇಲೆ ಸಿಮ್. ಅಪ್ಪನ ಮರಣ ಪ್ರಮಾಣಪತ್ರ, ಅಮ್ಮನ ಆಧಾರ್, ಸಂಬಂಧ ತೋರಿಸುವ ದಾಖಲೆ ಹಿಡಿದು ಕಂಪನಿಯ ಆಫೀಸಿಗೇ ಹೋಗಿ, ಬೀದಿಯ ರೀಚಾರ್ಜ್ ಅಂಗಡಿಯಲ್ಲಿ ಆಗಲ್ಲ. ಅಮ್ಮನೂ ಬರಬೇಕು. ಅಲ್ಲಿನ ಬೆರಳಚ್ಚು ಯಂತ್ರದಲ್ಲಿ ಹೆಬ್ಬೆಟ್ಟು ಕೂರದಿದ್ದರೆ ಬೇರೆ ಬೆರಳು ಇಡಿಸಿ ನೋಡಿ, ಅಡಿಕೆ ಸುಲಿಯುವವರಿಗೆ ಕಿರುಬೆರಳು ಎಷ್ಟೋ ಸಲ ಕೂರುತ್ತದೆ.