ಅಲಸಂದೆ ಬೇರಲ್ಲಿ ಗಂಟು ಧಾರಾಳ, ಸೋಯಾ ಅವರೆಯಲ್ಲಿ ಒಂದೂ ಇಲ್ಲ. ರೈಜೋಬಿಯಂ ಸತ್ತಿದೆಯಾ?

ಹಸಿರುಬಳ್ಳಿ:
ಕುಂಡಗಳಲ್ಲಿ ಅಲಸಂದೆ, ಸೋಯಾ ಅವರೆ ಎರಡೂ ಹಾಕಿದ್ದೇನೆ. ಮಣ್ಣು, ಬಿಸಿಲು, ನೀರು ಎಲ್ಲಾ ಒಂದೇ. ಎರಡೂ ಬೀಜಕ್ಕೆ ಒಂದೇ ಪ್ಯಾಕೆಟ್ಟಿನ ರೈಜೋಬಿಯಂ ಪುಡಿ (ಬೇರಲ್ಲಿ ಗಂಟು ಕಟ್ಟಿಸಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ) ಲೇಪಿಸಿ ಬಿತ್ತಿದ್ದೆ. ತಿಂಗಳು ದಾಟಿದೆ. ಅಲಸಂದೆ ಕಡುಹಸಿರಾಗಿದೆ. ಸೋಯಾ ಮಾತ್ರ ಸೊರಗಿ ಹಳದಿಯಾಗಿದೆ. ಒಂದು ಗಿಡ ಕಿತ್ತು ನೋಡಿದರೆ ಬೇರಲ್ಲಿ ಗಂಟೇ ಇಲ್ಲ. ಪ್ಯಾಕೆಟ್ ಮೇಲೆ ಬರೀ ‘ರೈಜೋಬಿಯಂ’ ಅಂತ ಇದೆ. ಅವಧಿ ಇನ್ನೂ ಮುಗಿದಿಲ್ಲ.

ಮೊಳಕೆ:
ಸ್ವಲ್ಪ ಯೂರಿಯಾ ನೀರಿಗೆ ಕಲಸಿ ಹಾಕಿ, ವಾರದಲ್ಲಿ ಹಸಿರಾಗುತ್ತದೆ.

ಬೇರುಗಣ್ಣು:
ಯೂರಿಯಾಕ್ಕೆ ಆಮೇಲೆ ಬರೋಣ. ಮೊದಲು ಹೇಳಿ, ಹಳದಿ ಶುರುವಾಗಿದ್ದು ಕೆಳಗಿನ ಹಳೇ ಎಲೆಯಲ್ಲೋ, ತುದಿಯ ಎಳೇ ಎಲೆಯಲ್ಲೋ? ಎಳೇ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಅದು ಕಬ್ಬಿಣದ ಕೊರತೆ ಇರಬಹುದು, ಬ್ಯಾಕ್ಟೀರಿಯಾದ ತಪ್ಪಲ್ಲ. ಇನ್ನೊಂದು, ಗಿಡ ಹೇಗೆ ಕಿತ್ತಿರಿ? ಹಿಡಿದು ಎಳೆದರೆ ಗಂಟುಗಳು ಉದುರಿ ಮಣ್ಣಲ್ಲೇ ಉಳಿಯುತ್ತವೆ. ಮಣ್ಣುಸಮೇತ ಎತ್ತಿ, ಬಕೆಟ್ ನೀರಲ್ಲಿ ಮುಳುಗಿಸಿ ಮೆಲ್ಲಗೆ ತೊಳೆದು ನೋಡಿ.

ಹಸಿರುಬಳ್ಳಿ:
ಕೆಳಗಿನ ಎಲೆಯಿಂದಲೇ ಶುರು. ಪೂರ್ತಿ ಎಲೆ ಒಂದೇ ಸಮ ಹಳದಿ. ಇನ್ನೊಂದು ಗಿಡ ತೊಳೆದು ನೋಡಿದೆ, ಆಗಲೂ ಗಂಟಿಲ್ಲ. ಅಲಸಂದೆ ಬೇರಿನ ತುಂಬಾ ಇವೆ.

ಮೊಳಕೆ:
ಹಾಗಾದರೆ ಪ್ಯಾಕೆಟ್ ಜೀವಂತವಾಗಿದೆ ಅಂತಾಯಿತು. ಅಲಸಂದೆಯಲ್ಲಿ ಕೆಲಸ ಮಾಡಿದೆ ಅಲ್ವಾ?

ಬೇರುಗಣ್ಣು:
ಹಾಗೆ ಹೇಳೋಕಾಗಲ್ಲ. ಅಲಸಂದೆ ಯಾರ ಜೊತೆಗಾದರೂ ಹೊಂದಿಕೊಳ್ಳುವ ಗಿಡ. ಮಣ್ಣಲ್ಲಿ ಮೊದಲೇ ಇರುವ ಬ್ಯಾಕ್ಟೀರಿಯಾ ಸೇರಿಸಿಕೊಂಡೇ ಗಂಟು ಕಟ್ಟುತ್ತದೆ. ನೀವು ಏನೂ ಲೇಪಿಸದೆ ಬಿತ್ತಿದ್ದರೂ ಬಹುಶಃ ಗಂಟು ಬರುತ್ತಿತ್ತು. ಅದರಿಂದ ಪ್ಯಾಕೆಟ್ ಸತ್ತಿದೆಯೋ ಬದುಕಿದೆಯೋ ಗೊತ್ತಾಗುವುದಿಲ್ಲ.

ಸೋಯಾ ತುಂಬಾ ಆರಿಸಿ ತಿನ್ನುವ ಜಾತಿ. ಅದಕ್ಕೆ ಮುಖ್ಯವಾಗಿ ಬೇಕಾದ್ದು ಬ್ರಾಡಿರೈಜೋಬಿಯಂ ಜಪೋನಿಕಮ್. ಸೋಯಾದ ಮೂಲ ಪೂರ್ವ ಏಷ್ಯಾ. ಹಿಂದೆ ಸೋಯಾ ಬೆಳೆಯದ ಮಣ್ಣಲ್ಲಿ ಈ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಇರುವುದೇ ಇಲ್ಲ. ಬೇರು ಮಣ್ಣಿಗೆ ಬಿಡುವ ರಾಸಾಯನಿಕ ಸಂಕೇತಕ್ಕೆ ಸರಿಯಾದ ಬ್ಯಾಕ್ಟೀರಿಯಾ ಮಾತ್ರ ಓಗೊಡುತ್ತದೆ. ಬೇರೆಯದು ಪಕ್ಕದಲ್ಲೇ ಇದ್ದರೂ ಒಳಗೆ ಬರುವುದಿಲ್ಲ. ಕಡಲೆಯದೂ ಇದೇ ಕಥೆ, ಅದಕ್ಕೂ ಅದರದೇ ತಳಿ ಬೇಕು. ಬೆಳೆಯ ಹೆಸರಿಲ್ಲದೆ ಬರೀ ‘ರೈಜೋಬಿಯಂ’ ಅಂತ ಬರೆದ ಪ್ಯಾಕೆಟ್ ನಾನಂತೂ ತರುವುದಿಲ್ಲ.

ಕುಂಡಕ್ಕೆ ಗೊಬ್ಬರ ಏನು ಹಾಕಿದ್ದಿರಿ?

ಹಸಿರುಬಳ್ಳಿ:
ಮಣ್ಣಿಗೆ ಎರೆಗೊಬ್ಬರ ಸ್ವಲ್ಪ ಬೆರೆಸಿದ್ದೆ. ಆಮೇಲೆ ಏನೂ ಇಲ್ಲ.

ಬೇರುಗಣ್ಣು:
ಹಾಗಾದರೆ ಸಾರಜನಕ ಜಾಸ್ತಿಯಾಗಿ ಗಂಟು ನಿಂತಿದ್ದಲ್ಲ. ಜಾಸ್ತಿಯಾಗಿದ್ದರೆ ಎಲೆ ಹಳದಿಯಾಗುತ್ತಲೂ ಇರಲಿಲ್ಲ. ಮಣ್ಣಲ್ಲಿ ಸಾರಜನಕ ಸುಲಭವಾಗಿ ಸಿಕ್ಕರೆ ಗಿಡ ಗಂಟು ಕಟ್ಟುವ ಗೋಜಿಗೇ ಹೋಗುವುದಿಲ್ಲ. ಬ್ಯಾಕ್ಟೀರಿಯಾವನ್ನು ಸಾಕಲು ಗಿಡ ತಾನು ತಯಾರಿಸಿದ ಸಕ್ಕರೆ ಕೊಡಬೇಕು, ಸುಮ್ನೆ ಯಾಕೆ ಖರ್ಚು ಮಾಡುತ್ತದೆ? ಅದಕ್ಕೇ ಮೊದಲ ದಿನವೇ ಯೂರಿಯಾ ಬೇಡ ಎನ್ನುವುದು. ಆದರೆ ಈ ಗಿಡಗಳಲ್ಲಿ ಗಂಟೇ ಇಲ್ಲವಲ್ಲ, ಕಳೆದುಕೊಳ್ಳುವುದೇನೂ ಇಲ್ಲ. ಇವಕ್ಕೆ ಮೊಳಕೆ ಅವರು ಹೇಳಿದಂತೆ ತೆಳುವಾಗಿ ಸಾರಜನಕ ಕೊಡಿ.

ಹೂ ಬಿಡುವ ಹೊತ್ತು ಹತ್ತಿರವಾಗಿದ್ದರೆ ಈಗ ಬುಡಕ್ಕೆ ಬ್ಯಾಕ್ಟೀರಿಯಾ ಸುರಿದು ದೊಡ್ಡ ಲಾಭವಿಲ್ಲ. ಗಂಟು ಕಟ್ಟಿ ಕೆಲಸ ಶುರುವಾಗಲು ಕೆಲವು ವಾರ ಬೇಕು.

ಖಚಿತ ಮಾಡಿಕೊಳ್ಳಬೇಕಾ? ಮೂರು ಕುಂಡದಲ್ಲಿ ಸೋಯಾ ಬಿತ್ತಿ. ಒಂದಕ್ಕೆ ಏನೂ ಬೇಡ, ಒಂದಕ್ಕೆ ಹಳೇ ಪುಡಿ, ಇನ್ನೊಂದಕ್ಕೆ ಸೋಯಾದ್ದೇ ಅಂತ ಬರೆದಿರುವ ಪುಡಿ. ಏನೂ ಹಾಕದ ಕುಂಡವನ್ನು ಮೊದಲು ಬಿತ್ತಿ, ಕೈಗೆ ಅಂಟಿದ ಪುಡಿಯೇ ಅಲ್ಲಿಗೆ ಹೋಗಬಹುದು. ಬೀಜಕ್ಕೆ ತೆಳು ಬೆಲ್ಲದ ನೀರು ಸವರಿ, ಪುಡಿ ಹೊರಳಿಸಿ, ನೆರಳಲ್ಲಿ ಆರಿಸಿ ಅದೇ ದಿನ ಬಿತ್ತಬೇಕು. ಬಿಸಿಲಲ್ಲಿ ಒಣಗಿಸಿದರೆ ಸಾಯುತ್ತವೆ. ಬಣ್ಣ ಲೇಪಿಸಿದ ಬೀಜ ತರಬೇಡಿ, ಅದರಲ್ಲಿ ಸಾಮಾನ್ಯವಾಗಿ ಶಿಲೀಂಧ್ರನಾಶಕ ಇರುತ್ತದೆ.

ಹಸಿರುಬಳ್ಳಿ:
ಅಲಸಂದೆಯ ಗಂಟುಗಳಾದರೂ ಸರಿಯಾದವಾ? ಮಣ್ಣಲ್ಲಿರುವ ಜಂತುಹುಳುವಿನಿಂದಲೂ (ನೆಮಟೋಡ್) ಬೇರು ಗಂಟುಗಂಟಾಗುತ್ತದಂತೆ.

ಬೇರುಗಣ್ಣು:
ಉಗುರಲ್ಲಿ ಕೆರೆದು ನೋಡಿ. ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಸಲೀಸಾಗಿ ಬಿಡುತ್ತದೆ. ಜಂತುಹುಳುವಿನದ್ದಾದರೆ ಬೇರೇ ಊದಿಕೊಂಡಿರುತ್ತದೆ, ಗಂಟು ಬಿಡಿಸಲು ಹೋದರೆ ಬೇರು ಹರಿಯುತ್ತದೆ. ಬಿಟ್ಟ ಗಂಟನ್ನು ಬ್ಲೇಡಿನಿಂದ ಕೊಯ್ಯಿರಿ. ಒಳಗೆ ಗುಲಾಬಿ ಅಥವಾ ಕೆಂಪಿದ್ದರೆ ಕೆಲಸ ನಡೆಯುತ್ತಿದೆ. ಅದು ಲೆಗ್‌ಹಿಮೋಗ್ಲೋಬಿನ್ ಬಣ್ಣ, ನಮ್ಮ ರಕ್ತದ ಹಿಮೋಗ್ಲೋಬಿನ್ ಬಳಗದ್ದೇ. ಸಾರಜನಕ ಹಿಡಿಯುವ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ. ಬ್ಯಾಕ್ಟೀರಿಯಾ ಉಸಿರಾಡಲು ಆಮ್ಲಜನಕವೂ ಬೇಕು. ಈ ಕೆಂಪು ವಸ್ತು ಅದನ್ನು ಹಿಡಿದಿಟ್ಟು ಅಳತೆಮಾಡಿ ಕೊಡುತ್ತದೆ. ಒಳಗೆ ಬಿಳಿ ಇದ್ದರೆ ಇನ್ನೂ ಎಳೆಯದು, ಇಲ್ಲವೇ ದಂಡಪಿಂಡ. ಹಸಿರು ಬಂದಿದ್ದರೆ ವಯಸ್ಸಾಯಿತು.

ಹಸಿರುಬಳ್ಳಿ:
ಕೊಯ್ದು ನೋಡಿದೆ, ಕೆಂಪಗಿದೆ. ಸೋಯಾದ್ದೇ ಪುಡಿ ತಂದು ಮೂರು ಕುಂಡ ಮಾಡುತ್ತೇನೆ. ಗಂಟು ಬಂದರೆ ಮುಂದಿನ ಸಲವೂ ಪುಡಿ ಬೇಕಾ?

ಬೇರುಗಣ್ಣು:
ಅದೇ ಮಣ್ಣಾದರೆ ಸಾಮಾನ್ಯವಾಗಿ ಬೇಡ. ಈ ಬ್ಯಾಕ್ಟೀರಿಯಾ ಮಣ್ಣಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ಕೊಯ್ಲಾದ ಮೇಲೆ ಗಿಡ ಕೀಳದೆ ಬುಡಕ್ಕೆ ಕತ್ತರಿಸಿ, ಬೇರು ಅಲ್ಲೇ ಕೊಳೆಯಲಿ. ಹೊಸ ಕುಂಡ ಮಾಡುವಾಗ ಈ ಮಣ್ಣು ಒಂದೆರಡು ಹಿಡಿ ಬೆರೆಸಿ. ಬೇರಲ್ಲಿ ಜಂತುಹುಳು ಇಲ್ಲ ಅಂತ ನೋಡಿಕೊಂಡು ಮಾತ್ರ.